ಹಿಮದಲ್ಲಿ ಬರಿದೋಳು

ಗ್ರೀನ್ ಬೇ, ಅಮೆರಿಕ, ಸೋಮವಾರ

ಅಮ್ಮಾ, ನೀನು ಕಳಿಸಿದ ಉದ್ದ ತೋಳಿನ ಬನಿಯನ್ ತಲುಪಿತು. ನಿನ್ನೆ ಹಿಮ ಸುರಿಯುತ್ತಿದ್ದಾಗಲೇ ನಮ್ಮ ಅಮೆರಿಕನ್ ಫುಟ್‌ಬಾಲ್ ಪಂದ್ಯವಿತ್ತು, ಅದನ್ನೇ ತೊಟ್ಟು ಹೊರಟಿದ್ದೆ. ಚೆಂಡು ಎಸೆಯುವವನ ಮುಂದೆ ಗೋಡೆಯಾಗಿ ನಿಲ್ಲುವ ನಾವು ಐವರು ಎಂಥ ಚಳಿಯಲ್ಲೂ ತೋಳು ಮುಚ್ಚಬಾರದಂತೆ. ಮುಚ್ಚಿದರೆ ನಾವು ಹೆದರಿದ್ದೇವೆಂದು ಎದುರಿನವರಿಗೆ ಅನಿಸುತ್ತದಂತೆ. ನನ್ನ ಪಕ್ಕ ನಿಲ್ಲುವ, ನನ್ನನ್ನು ನಮ್ಮ ದ್ವೀಪದ ಹೆಸರಿನಿಂದಲೇ ಕರೆಯುವ ಹಿರಿಯ ಡಾರ್ನೆಲ್ ನೋಡಿದವನೇ, “ಏನೋ ಸಮೋವಾ, ಮಲಗೋಕೆ ಹೊರಟ್ಯಾ? ಬಿಚ್ಚಾಕೋ ಅದನ್ನ!” ಎಂದ. ಬಿಚ್ಚಿ, ತೋಳಿಗೆ ವ್ಯಾಸಲೀನ್ ಬಳಿದುಕೊಂಡು ನಿಂತೆ. ಕೊನೆಗೆ ತೋಳುಗಳು ನನ್ನವೇ ಎಂಬುದೂ ತಿಳಿಯುತ್ತಿರಲಿಲ್ಲ. ಗೆದ್ದೆವು.

ಆಟದಲ್ಲಿ ಕಿರುಬೆರಳಿನ ಕೀಲು ತಪ್ಪಿತ್ತು, ಮತ್ತೆ ಕೂರಿಸಿದ್ದಾರೆ. ಉಳಿದಂತೆ ಆರೋಗ್ಯವಾಗಿದ್ದೇನೆ. ಇಲ್ಲಿ ಮಾಂಸಕ್ಕೆ ಕೊರತೆಯಿಲ್ಲ. ಆದರೆ ನೀನು ತೆಂಗಿನ ಹಾಲಿನಲ್ಲಿ ಬೇಯಿಸುವ ಕೆಸುವಿನ ಎಲೆಗಾಗಿ ಜೀವ ಹಂಬಲಿಸುತ್ತದೆ.

ನಾನು ಆಡುತ್ತಿರುವುದು ಮಂಡಿಗೆ ಪೆಟ್ಟಾದವನೊಬ್ಬನ ಜಾಗದಲ್ಲಿ. ಅವನು ಈಗ ಓಡಲು ಶುರುಮಾಡಿದ್ದಾನೆ. ಅವನು ಮರಳಿದ ದಿನವೇ ನನ್ನ ಕೆಲಸ ಹೋಗುತ್ತದೆ, ನಾನು ಊರಿಗೆ ಬರುತ್ತೇನೆ. ಆದ್ದರಿಂದ ಚರ್ಚಿನಲ್ಲಿ “ನನ್ನ ಮಗ ಬೇಗ ಮನೆಗೆ ಬರಲಿ” ಎಂದು ಬೇಡಿಕೊಳ್ಳಬೇಡಮ್ಮ. ಆ ಮಾತು ನನ್ನ ಬಾಯಿಗೂ ಬರುತ್ತದೆ, ದಿನವೂ ನುಂಗಿಕೊಳ್ಳುತ್ತಿದ್ದೇನೆ.

ಅಭ್ಯಾಸಕ್ಕೆ ಕರೆಯುತ್ತಿದ್ದಾರೆ.

ನಿನ್ನ ಸೆಫೋ