ಮರಳು ಎಂಬ ಒಂದೇ ಪದ

ಮಾರ್ಚ್ ೧೧, ಮಂಗಳವಾರ
ಧ್ವನಿಮುದ್ರಣದ ಕೋಣೆಯಿಂದ, ಊಟದ ಬಿಡುವಿನಲ್ಲಿ

ಇನ್ನೂ ಸಿಟ್ಟು ಇಳಿಯದ ನನ್ನ ಅಮ್ಮನಿಗೆ,

ಮಂಡಿನೋವು ಹೇಗಿದೆ? ಚಿಕ್ಕಮ್ಮನ ಮನೆಯ ಮೆಟ್ಟಿಲು ಕಡಿದು, ಕಂಬಿ ಹಿಡಿದುಕೊಂಡೇ ಇಳಿ. ರಕ್ತದೊತ್ತಡದ ಮಾತ್ರೆ ಬೆಳಿಗ್ಗೆಯದೋ ಸಂಜೆಯದೋ ಎಂದು ಅವಳೊಡನೆ ಜಗಳವಾಡಬೇಡ. ಬೆಳಿಗ್ಗೆಯದು, ಡಬ್ಬಿಯ ಮೇಲೆ ನಾನೇ ಬರೆದಿದ್ದೇನೆ. ನಾನು ಚೆನ್ನಾಗಿದ್ದೇನೆ. ಫೋನ್ ಎತ್ತುವುದಿಲ್ಲ ಎಂದು ನೀನು ಪಣ ತೊಟ್ಟಿರುವುದರಿಂದ ಕಾಗದ ಬರೆದು ಇಲ್ಲಿನ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದ ಓದದೆ ಇರುವುದು ನಿನ್ನಿಂದಾಗದ ಕೆಲಸ. ಸಾಮಾನು ಕಟ್ಟಿಕೊಟ್ಟ ಪತ್ರಿಕೆಯ ಚೂರನ್ನೂ ಬಿಡದೆ ಓದುವವಳು ನೀನು.

ನಿನ್ನ ಕಾದಂಬರಿಗೆ ನಾನು ಬರೆದ ಚಿತ್ರಕಥೆಯನ್ನು ಓದಿ ಮುಗಿಸಿದ ದಿನ ನೀನು ಕನ್ನಡಕ ತೆಗೆದಿಟ್ಟು, "ನಿಮ್ಮಪ್ಪನ್ನೇ ತೆಗೆದುಹಾಕಿದ್ದೀಯಲ್ಲೋ" ಎಂದೆ. ಸಂಜೆಯೊಳಗೆ ಚೀಲ ತುಂಬಿಕೊಂಡು ಹೊರಟೆ. ಮರುದಿನ ನಿರ್ಮಾಪಕರಿಗೆ ನಿನ್ನ ಕಾಗದ ಬಂತು: ಸಿನಿಮಾದಲ್ಲಿ ಎಲ್ಲಿಯೂ ನನ್ನ ಹೆಸರು ಹಾಕಕೂಡದು. ಅಮ್ಮಾ, ನಿನ್ನ ಹೆಸರಿಲ್ಲದ ಆ ಸಿನಿಮಾ ನನಗೆ ಬೇಡ. ಹೆಸರುಗಳ ಪಟ್ಟಿಯನ್ನು ಶುಕ್ರವಾರ ಕೊಡಬೇಕು. ಅಷ್ಟರೊಳಗೆ ನಿನ್ನ ಮನಸ್ಸು ಕರಗಿಸಬೇಕೆಂದು ಕೂತಿದ್ದೇನೆ, ಮುಚ್ಚುಮರೆ ಏನೂ ಇಲ್ಲ.

ಸಾವಿರದ ನೂರನಲವತ್ತು ಪುಟಗಳನ್ನು ಎರಡೂವರೆ ಗಂಟೆಗೆ ಇಳಿಸುವುದು ಹುಡುಗಾಟವಲ್ಲ. ಬಾಹ್ಯಾಕಾಶದ ಆ ಕಥೆಯಲ್ಲಿ, ತಮ್ಮ ಗ್ರಹದಲ್ಲಿ ನೀರು ಮುಗಿಯುತ್ತಿರುವುದನ್ನು ನಾಯಕನ ಹೆಂಡತಿ ಯೋಚಿಸುವುದಕ್ಕೆ ನೀನು ನಲವತ್ತು ಪುಟ ಕೊಟ್ಟೆ. ನಮ್ಮಲ್ಲಿ ಅವಳು ಖಾಲಿ ಲೋಟವನ್ನು ಒಮ್ಮೆ ನೋಡುತ್ತಾಳೆ, ಅಷ್ಟೇ. ಆರು ತಲೆಮಾರು ಎರಡಾಗಿವೆ. ನಾಲ್ವರು ಅಜ್ಜಂದಿರು ಸೇರಿ ಒಬ್ಬನೇ ಅಜ್ಜನಾಗಿದ್ದಾನೆ. ಪಾಪ, ನಾಲ್ವರ ಕೆಮ್ಮೂ ಅವನೊಬ್ಬನಿಗೆ. 'ಹನ್ನೆರಡು ವರ್ಷ ಕಳೆಯಿತು' ಎಂದು ನೀನು ಒಂದು ಸಾಲು ಬರೆದು ಆರಾಮಾಗಿದ್ದೆ, ಆ ಒಂದು ಸಾಲಿಗಾಗಿ ಬಣ್ಣ ಹಚ್ಚುವವರು ನಟಿಯನ್ನು ನಾಲ್ಕು ಗಂಟೆ ಕೂರಿಸಿದರು. ಕಳೆದುಕೊಂಡದ್ದೇ ಹೆಚ್ಚು, ಒಪ್ಪುತ್ತೇನೆ. ಆದರೆ ಬಿರುಗಾಳಿಯ ಸದ್ದಿಗಾಗಿ ನಮ್ಮ ಶಬ್ದದವನು ತಗಡಿನ ತಟ್ಟೆಯ ಮೇಲೆ ಸಕ್ಕರೆ ಸುರಿದಾಗ ನನ್ನ ಹಲ್ಲಿನ ಸಂದಿನಲ್ಲೆಲ್ಲ ಮರಳು ಸಿಕ್ಕಿಕೊಂಡ ಹಾಗಾಯಿತು. ನಾಲಿಗೆ ಆಡಿಸಿ ನೋಡಿಕೊಂಡೆ. ಪುಸ್ತಕ ಓದುವಾಗ ಹಾಗೆ ಆಗಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಇನ್ನು ಮುದುಕ ಗುಮಾಸ್ತನ ವಿಷಯ. ಆಕಾಶನೌಕೆಗೆ ಬರುವ ಪ್ರತಿ ಸಂದೇಶವನ್ನೂ ಅಕ್ಷರ ಅಕ್ಷರವಾಗಿ ಓದಿ ಎಲ್ಲರ ತಾಳ್ಮೆ ಕೆಡಿಸುವವನು. ಕಥೆ ನಿಧಾನವಾಗುತ್ತದೆ ಎಂದು ಅವನ ಮುನ್ನೂರು ಪುಟಗಳನ್ನೂ ಕಿತ್ತುಹಾಕಿದ್ದೆ. ಅವನು ಅಪ್ಪ ಎಂದು ನನಗೆ ಗೊತ್ತಿರಲಿಲ್ಲವೇ? ಅಚ್ಚುಮನೆಯಲ್ಲಿ ಕರಡು ತಿದ್ದಿ ತಿದ್ದಿ ಅಪ್ಪನಿಗೆ ಮನೆಯಲ್ಲೂ ಅದೇ ಚಾಳಿ. ಊಟಕ್ಕೆ ಕರೆಯುವಾಗಲೂ "ಪುಟ್ಟ! ಪಕ್ಕೆ ಕೊಂಬು, ಟಕ್ಕೆ ಟ ಒತ್ತು, ಬೇಗ ಬಾ" ಎನ್ನುತ್ತಿದ್ದರು. ಗೊತ್ತಿದ್ದೂ ಕಿತ್ತೆ. ಅವರು ಹೋಗಿ ಮೂರು ವರ್ಷವಾದರೂ ಆ ಭಾಗ ಬರೆಯಲು ಕೂತರೆ ನನ್ನ ಕೈ ಓಡುತ್ತಿರಲಿಲ್ಲ. ನಿಧಾನ ಗಿಧಾನ ಎಲ್ಲ ನೆಪ. ನಿನ್ನೆದುರು ಇದನ್ನು ಹೇಳಲು ಬಾಯಿ ಬರಲಿಲ್ಲ.

ಸೇಡು ತೀರಿಸಿಕೊಂಡವರು ಅಪ್ಪನೇ. ಮರಳಿನ ಗ್ರಹದಲ್ಲಿ ಇಳಿದ ನಾಯಕನಿಂದ ಬರುವ ಕೊನೆಯ ಸಂದೇಶ ನಿನ್ನ ಪುಸ್ತಕದಲ್ಲಿ ಇಡೀ ಪುಟಕ್ಕೆ ಒಂದೇ ಪದ: ಮರಳು. ಇಲ್ಲಿ ಬರೀ ಮರಳಿದೆ ಎಂದನೋ, ಹಿಂದಿರುಗು ಎಂದನೋ? ಮೂವತ್ತು ವರ್ಷದಿಂದ ಓದುಗರು ಕೇಳುತ್ತಿದ್ದಾರೆ, ನೀನು ತುಟಿ ಬಿಚ್ಚಿಲ್ಲ. ಕಾಗದದ ಮೇಲೆ ಎರಡೂ ಅರ್ಥ ಅಕ್ಕಪಕ್ಕ ಕೂತಿರುತ್ತವೆ. ಸಿನಿಮಾದಲ್ಲಿ ಯಾರಾದರೂ ಅದನ್ನು ಓದಿ ಹೇಳಬೇಕಲ್ಲ? ಗುಮಾಸ್ತ ಇಲ್ಲ, ಹಾಗಾಗಿ ಹೆಂಡತಿಯ ಕೈಗೆ ಕೊಟ್ಟಿದ್ದೆವು. ನಟಿ ಸ್ವರ ಏರಿಸಿದರೆ ಅಪ್ಪಣೆ, ಇಳಿಸಿದರೆ ಮಣ್ಣು. ಇಪ್ಪತ್ತೇಳು ಸಲ ಹೇಳಿದಳು. ಕೊನೆಗೆ ನಿರ್ದೇಶಕಿ ತಲೆ ಹಿಡಿದುಕೊಂಡು, "ನಿಮ್ಮಮ್ಮ ಏನಂದುಕೊಂಡು ಬರೆದ್ರು, ಅದನ್ನ ತಿಳ್ಕೊಂಡು ಬಾರಪ್ಪಾ ಮೊದಲು" ಎಂದು ನನ್ನನ್ನು ಓಡಿಸಿದರು.

ಭಾನುವಾರ ಬೆಳಿಗ್ಗೆ, ಹಸ್ತಪ್ರತಿ, ಕರಡುಗಳನ್ನೆಲ್ಲ ಇಟ್ಟಿರುವ ನಿನ್ನ ಕಬ್ಬಿಣದ ಪೆಟ್ಟಿಗೆ ತೆಗೆದೆ. ಬೈಯಬೇಡ, ಎಲ್ಲವನ್ನೂ ಇದ್ದ ಹಾಗೆಯೇ ಮಡಿಸಿಟ್ಟಿದ್ದೇನೆ. ಆ ಪುಟ ಸಿಕ್ಕಿತು. ನೆಲದ ಮೇಲೇ ಕೂತು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಎದ್ದವನೇ ಗುಮಾಸ್ತನನ್ನು ವಾಪಸ್ಸು ಬರೆದೆ. ಮುನ್ನೂರು ಪುಟವಲ್ಲ, ನಾಲ್ಕು ದೃಶ್ಯ. ಅವನು ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಾನೆ: ಮ. ರ. ಳ, ಅದಕ್ಕೆ ಕೊಂಬು. ಅಷ್ಟು ಹೇಳಿ ಚೀಟಿ ಮಡಿಸುತ್ತಾನೆ. ಅಕ್ಷರ ಓದುವವನು ಅರ್ಥ ಹೇಳುವ ಗೋಜಿಗೆ ಹೋಗುವುದಿಲ್ಲ. ನಿನ್ನ ಪುಸ್ತಕದಲ್ಲಿ ಈ ದೃಶ್ಯವೇ ಇಲ್ಲ. ಆದರೂ ಇಡೀ ಸಿನಿಮಾದಲ್ಲಿ ನಿನ್ನ ಪುಸ್ತಕಕ್ಕೆ ಇದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ. ನಿನ್ನೆ ಚಿತ್ರೀಕರಿಸಿದೆವು. ನಿರ್ದೇಶಕಿ "ಕಟ್" ಹೇಳುವುದನ್ನೇ ಮರೆತರು. ನಾನು ಗೋಡೆ ಕಡೆ ತಿರುಗಿ ಅತ್ತೆ.

ಗುರುವಾರ ಆ ನಾಲ್ಕು ದೃಶ್ಯ ತೋರಿಸುತ್ತೇನೆ, ಬಂದು ನೋಡು. ನೋಡಿದ ಮೇಲೂ ಹೆಸರು ಬೇಡ ಎಂದರೆ ನಾನೇ ಅಳಿಸುತ್ತೇನೆ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಅವಳನ್ನೂ ಕರೆದುಕೊಂಡು ಬಾ. ನಿನ್ನ ಪಾದ ಮುಟ್ಟಿ ಕೇಳುತ್ತಿದ್ದೇನೆ ಎಂದುಕೋ.

ನಿನ್ನ ಕತ್ತರಿ ಮಗ,
ಪುಟ್ಟ

ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಒಳಗೆ ಕರೆಯುತ್ತಿದ್ದಾರೆ. ನಿನ್ನ ಹಸ್ತಪ್ರತಿಯಲ್ಲಿ 'ರ'ಕ್ಕೂ ಕೊಂಬಿದೆ. ನೀನು ಬರೆದದ್ದು 'ಮರುಳು'. ನಾಯಕನಿಗೆ ಬುದ್ಧಿ ಕೆಟ್ಟಿತ್ತು, ಅಷ್ಟೇ. ಅಚ್ಚಿನವರು ಕೊಂಬು ಬಿಟ್ಟರು, ಅಪ್ಪನ ಕಣ್ಣಿಗೆ ಬೀಳಲಿಲ್ಲ; ಕರಡಿನ ಮೇಲೆ ಅವರ ಕೆಂಪು ಮಸಿಯ 'ಸರಿ' ಇದೆ. ಎರಡನೆಯ ಮುದ್ರಣದ ಕರಡಿನಲ್ಲಿ ನೀನು ಪೆನ್ಸಿಲ್‌ನಿಂದ ಕೊಂಬು ಹಾಕಿ, ಆಮೇಲೆ ರಬ್ಬರಿನಿಂದ ಒರೆಸಿದ್ದೀಯ. ಅಪ್ಪನಿಗೆ ಕಣ್ಣು ಮಂಜಾಗುತ್ತಿದ್ದ ವರ್ಷ ಅದು, ಅಲ್ಲವೇ? ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ನಿನ್ನ ಕಥೆಯನ್ನು ಮೊದಲು ಬದಲಾಯಿಸಿದವನು ನಾನಲ್ಲ ಅಮ್ಮಾ. ಅವರ ತಪ್ಪನ್ನು ನೀನು ಹೊಟ್ಟೆಗೆ ಹಾಕಿಕೊಂಡೆ, ನನ್ನದನ್ನೂ ಹಾಕಿಕೋ.