ಅಮ್ಮ ಹೇಳಿದ ಹುಲ್ಲು

ಲೂಪ್ ಹೊಳೆ ದಂಡೆ, ನೆಬ್ರಾಸ್ಕ
ಆಗಸ್ಟ್ 19, ಸೋಮವಾರ ಬೆಳಿಗ್ಗೆ

ಪ್ರೀತಿಯ ಲಾಡಣ್ಣಾ,

ಎರಡನೇ ಸಲ ಎದೆಗೆ ಹಾಕಿದ ಹೊಲಿಗೆ ಒಣಗಿತೇ? ಒಮಾಹಾದಲ್ಲಿ ನಿನ್ನ ಮಗಳು ಜಾನಿಸ್ ಉಪ್ಪಿಲ್ಲದ ಸೂಪು ಕೊಟ್ಟರೆ ಬಟ್ಟಲು ದೂಡುತ್ತೀಯಂತೆ. ಎಪ್ಪತ್ತೆಂಟು ವರ್ಷದವನು ಮಗುವಿನ ಹಾಗೆ ಹಟ ಮಾಡಬೇಡ, ಸುಮ್ಮನೆ ಕುಡಿ. ನೀನು ಬದುಕಿ ಉಳಿದೆಯಲ್ಲ, ಆ ಡಾಕ್ಟರನ್ನೂ ದೇವರನ್ನೂ ದಿನಾ ನೆನೆಯುತ್ತಿದ್ದೇನೆ. ಈಗ ಬರೆಯುವುದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ರೇಗುತ್ತೀಯ. ಪತ್ರವಾದರೆ ಪೂರ್ತಿ ಓದಿಯಾದರೂ ರೇಗುತ್ತೀಯ.

ಮಾರ್ಚಿನಲ್ಲಿ ಆಂಬುಲೆನ್ಸ್ ಹತ್ತುವಾಗ ಹುಲ್ಲು ಕತ್ತರಿಸುವ ಯಂತ್ರದ ಕೀಲಿಯನ್ನು ನನ್ನ ಕೈಗಿಟ್ಟು, "ವ್ಲಾಸ್ತಾ, ಶನಿವಾರ ತಪ್ಪಿಸಬೇಡ ಕಣೇ" ಅಂದೆಯಲ್ಲ. ಯಾಕೆ ಅಂದೆ ಎಂದು ನನಗೆ ಗೊತ್ತಿಲ್ಲವೇ? ಅಮ್ಮ ಸಾಯುವ ಹಿಂದಿನ ದಿನ ನಿನ್ನ ಕೈ ಹಿಡಿದು, "ನನ್ನ ಮೇಲೆ ಹುಲ್ಲು ಬೆಳೆಯೋಕೆ ಬಿಡಬೇಡ ಕಣೋ ಲಾಡಾ" ಎಂದಿದ್ದಳು. ಅಲ್ಲಿಂದ ಹತ್ತೊಂಬತ್ತು ಬೇಸಿಗೆ, ಒಂದು ಶನಿವಾರವೂ ತಪ್ಪಿಸದೆ ಇಡೀ ಸ್ಮಶಾನದ ಹುಲ್ಲನ್ನು ನುಣ್ಣಗೆ ಕತ್ತರಿಸುತ್ತ ಬಂದೆ. ನಾನು ಈ ವರ್ಷ ಒಂದು ಶನಿವಾರವೂ ಕತ್ತರಿಸಲಿಲ್ಲ. ಅಷ್ಟೇ ಅಲ್ಲ, ಬೆಂಕಿ ಹಾಕಿಸಿದೆ. ಎದೆ ಹಿಡಿದುಕೊಳ್ಳಬೇಡ ಮಾರಾಯಾ, ಮುಂದೆ ಓದು.

ಏಪ್ರಿಲಿನಲ್ಲಿ ಹಳೇ ಹುಲ್ಲುಗಾವಲು ಉಳಿಸುವ ಕೆಲಸದ ಹುಡುಗಿ ಕೆಂದ್ರಾ ಬಂದಳು. ಸ್ಮಶಾನದ ಬೇಲಿಯೊಳಗೆ ಮಂಡಿಯೂರಿ ಬ್ರೋಮ್ ಹುಲ್ಲನ್ನು ಬಗೆದು ತೋರಿಸಿದಳು. "ಅಜ್ಜೀ, ಇಲ್ಲಿ ಯಾವತ್ತೂ ನೇಗಿಲು ಬಿದ್ದಿಲ್ಲ. ಈ ನೆಲದ ಹಳೇ ಬೇರುಗಳು ಇನ್ನೂ ಜೀವ ಹಿಡ್ಕೊಂಡಿವೆ, ಈ ಹೊರಗಿಂದು ಮೇಲೆ ಹಾಸ್ಕೊಂಡು ಮಲಗಿದೆ" ಅಂದಳು. ಬ್ರೋಮ್ ಬೇಗ ಏಳುತ್ತದಂತೆ, ನಮ್ಮ ನೆಲದವು ತಡವಾಗಿ. ಇದು ಎದ್ದ ಮೇಲೆ, ಅವು ಏಳುವ ಮುಂಚೆ ಸುಡಬೇಕು. ಅದೂ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ. ನಾನೇನು ಜ್ಞಾನೋದಯವಾಗಿ ಒಪ್ಪಲಿಲ್ಲ. ನನಗೆ ಮಂಡಿನೋವು, ಆ ಯಂತ್ರ ಕಂಡರೆ ಭಯ. ಅಗ್ನಿಶಾಮಕದ ಹುಡುಗರು ಕಲ್ಲುಗಳ ಸುತ್ತ ನೀರು ಹಾಯಿಸಿ, ಮುಕ್ಕಾಲು ಗಂಟೆಯಲ್ಲಿ ಸುಟ್ಟು ಮುಗಿಸಿದರು. ಮೇ ಕೊನೆಯಲ್ಲಿ ಸಮಾಧಿಗಳಿಗೆ ಹೂವಿಡಲು ಎಲ್ಲರೂ ಬಂದಾಗ ನೆಲವಿನ್ನೂ ಅಲ್ಲಲ್ಲಿ ಕಪ್ಪಾಗಿತ್ತು. ನಮ್ಮ ದೊಡ್ಡಪ್ಪನ ಮಗ ಆಲ್ವಿನ್ ಇದ್ದಾನಲ್ಲ, ಎಲ್ಲರೆದುರು, "ಹೂತೋರನ್ನ ಸುಟ್ಟುಬಿಟ್ಟೆಯಲ್ಲೇ ಮಹಾತಾಯಿ!" ಎಂದು ಕೂಗಿದ. ಮಾಡಿಕೊಂಡು ಹೋಗಿದ್ದ ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಯಾರಿಗೂ ಹಂಚದೆ ಮನೆಗೆ ತಂದು, ಒಬ್ಬಳೇ ಅತ್ತೆ.

ಆದರೆ ಕಳೆದ ವಾರ ಏನಾಯಿತು ಕೇಳು. ಅಮ್ಮನ ಜೊತೆ ಹುಲ್ಲು ಕೊಯ್ಯುತ್ತಿದ್ದ ಲಿಬುಶೆ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ತೊಂಬತ್ತನಾಲ್ಕಾದರೂ ನಾಲಿಗೆ ಮೊಂಡಾಗಿಲ್ಲ. ಅಮ್ಮನ ಕಲ್ಲಿನ ಸುತ್ತ ನನ್ನ ಭುಜದೆತ್ತರಕ್ಕೆ ಕೆಂಪು ದಂಟು ನಿಂತಿವೆ, ತುದಿ ಮೂರಾಗಿ ಕವಲೊಡೆದಿದೆ, ನಡುನಡುವೆ ನೇರಳೆ ಹೂವು. ಅಜ್ಜಿ ಒಂದು ದಂಟು ಹಿಡಿದು ನಕ್ಕೇ ನಕ್ಕಳು. "ಅಯ್ಯೋ, ಕೋಳಿಕಾಲು! ನಿಮ್ಮಮ್ಮನಿಗೆ ಇದು ಬಂದ್ರೆ ಹಬ್ಬ ಕಣೇ." ಅಮ್ಮ ಹುಲ್ಲೇ ಬೇಡ ಅಂದಿದ್ದಳಲ್ಲ ಅಂದೆ. "ಥೂ ಪೆದ್ದಿ, ಇದನ್ನ ಅವಳು ಯಾವತ್ತು ಹುಲ್ಲು ಅಂದಿದ್ಲು? ಅವಳ ಬಾಯಲ್ಲಿ ಹುಲ್ಲು ಅಂದ್ರೆ ಮೂಟೇಲಿ ಬಂದಿದ್ದೊಂದೇ."

ಮೂಟೆ ಅಂದಕೂಡಲೇ ನನಗೆ ಹೊಳೆಯಿತು. ನೆನಪಿದೆಯಾ ಅಣ್ಣಾ, ಬರ ಬಂದ ವರ್ಷ ಅಪ್ಪ ಮೂಟೆ ಬಿಚ್ಚಿ ಬ್ರೋಮ್ ಬಿತ್ತಿದ್ದು, ಅದು ಅಮ್ಮನ ಕೋಳಿಕಾಲಿನ ಗುಡ್ಡವನ್ನೆಲ್ಲ ನುಂಗಿದ್ದು? "ಹೋಗ್ರೋ, ಹುಲ್ಲು ಕಿತ್ತು ಬನ್ನಿ" ಎಂದರೆ ನಾವಿಬ್ಬರೂ ತೋಟದಿಂದ ಅದನ್ನಷ್ಟೇ ಕಿತ್ತು ತರುತ್ತಿದ್ದೆವು. ಮಿಕ್ಕವಕ್ಕೆಲ್ಲ ಅವಳ ಬಾಯಲ್ಲಿ ಒಂದೊಂದು ಹೆಸರಿತ್ತು. ದೊಡ್ಡವರಾಗುವಷ್ಟರಲ್ಲಿ ನಾವೇ ಮರೆತುಬಿಟ್ಟೆವು.

ಹಾಗಾದರೆ ಹತ್ತೊಂಬತ್ತು ವರ್ಷ ದಂಡವಾಯಿತೇ ಎಂದು ಕೊರಗಲು ಕೂರಬೇಡ. ಕೆಂದ್ರಾಳನ್ನು ಇದನ್ನೇ ಕೇಳಿದೆ. "ಅವರು ಬೇಲಿ ಕಾದು ಕತ್ತರಿಸ್ತಾ ಇದ್ದಿದ್ದಕ್ಕೇ ಇಲ್ಲಿ ಸೀಡರ್ ಮರ ಏಳಲಿಲ್ಲ, ಯಾರೂ ಔಷಧಿ ಹೊಡೀಲಿಲ್ಲ. ಬೇರು ಉಳಿದಿದ್ದು ಅವರಿಂದ ಅಜ್ಜೀ" ಅಂದಳು. ನಿನ್ನದು ಬರೀ ಮೊಂಡುತನ ಎಂದು ನಾನು ಬೆನ್ನ ಹಿಂದೆ ಎಷ್ಟು ಸಲ ಆಡಿಕೊಂಡಿದ್ದೇನೋ! ಅಣ್ಣಾ, ನೀನು ದೊಡ್ಡವನು. ನಿನ್ನಿಂದ ಅಮ್ಮ ಅವಳ ಕೋಳಿಕಾಲಿನ ಕೆಳಗೆ ಮಲಗಿದ್ದಾಳೆ. ಇದನ್ನು ಬದುಕಿರುವಾಗಲೇ ಹೇಳಲು ಸಿಕ್ಕಿತಲ್ಲ, ನನಗೆ ಅದೇ ಸಾಕು.

ಜಾನಿಸಳ ಎರಡು ಕೆನ್ನೆಗೂ ನನ್ನ ಮುತ್ತು ಕೊಡು. ಸೂಪು ಕುಡಿ.

ನಿನ್ನ ಮಾತು ಮೀರಿದ ತಂಗಿ,
ವ್ಲಾಸ್ತಾ

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಈ ಶನಿವಾರ ಆಲ್ವಿನ್ ತನ್ನ ಯಂತ್ರವನ್ನೇ ತರುತ್ತಾನಂತೆ. "ಲಾಡ ಬರೋದ್ರೊಳಗೆ ಚೊಕ್ಕ ಮಾಡ್ತೀನಿ, ಇದನ್ನ ನೋಡಿದ್ರೆ ಅವನ ಎದೆ ಒಡೆದುಹೋಗುತ್ತೆ" ಅನ್ನುತ್ತಾನೆ. ಕೋಳಿಕಾಲಿನ ಬೀಜ ಬಲಿಯಲು ಇನ್ನೂ ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಕತ್ತರಿಸಬಾರದು. ಸ್ಮಶಾನ ನೋಡಿಕೊಳ್ಳುವವನು ಈಗಲೂ ನೀನೇ. ನನ್ನ ಮಾತಿಗೆ ಅವನು ಕಿವಿಗೊಡುವುದಿಲ್ಲ. ಲಕೋಟೆಯಲ್ಲಿ ಅಮ್ಮನ ಪಕ್ಕದಿಂದ ಕಿತ್ತ ಒಂದು ಕೋಳಿಕಾಲು ಇಟ್ಟಿದ್ದೇನೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಶುಕ್ರವಾರದೊಳಗೆ ಅವನಿಗೆ ಫೋನು ಮಾಡು. ಅವನು ಏನೆಂದರೂ ನಿನಗೆ ಕೇಳಿಸುವುದು ಬೇಡ, "ಬೇಡ" ಎಂದು ಹೇಳಿ ಇಟ್ಟುಬಿಡು.