ಯಾರೂ ಮುಟ್ಟದ ಪೆಟ್ಟಿಗೆ

ನೆರಳೂರು, ಹಳೆಯ ಹುಬ್ಬಳ್ಳಿಯ ಹೊರಗೆ
ಎಣ್ಣೆ ನಿಂತ ಐವತ್ತೊಂದನೆಯ ವರ್ಷ, ಎರಡನೆಯ ಬೇಸಿಗೆಯ ಅಮಾವಾಸ್ಯೆ
(ನಿಮ್ಮ ಕ್ಯಾಲೆಂಡರಿನಲ್ಲಿ ೨೧೩೮)

ತೀರ್ಥರೂಪರಾದ ಮುತ್ಯಾ ವಿಜಯಮಹಾಂತೇಶ ಬಾಳಿಕಾಯಿ ಅವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳು ನೀಲಗಂಗಾ ಮಾಡುವ ಶರಣು ಶರಣಾರ್ಥಿಗಳು.

‘ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ನಿಮ್ಮ ಕಡೆ ಪತ್ರ ಶುರುವಾಗುತ್ತಿತ್ತಂತೆ. ಇತ್ತ ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಾಲದ ಹರಿದ ಪಠ್ಯಪುಸ್ತಕಗಳಿಂದ ಮತ್ತು ಮದುವೆಯ ಕರೆಯೋಲೆಗಳಿಂದ. ಹೀಗಾಗಿ ಒಮ್ಮೆ ಮಾಸ್ತರರ ಹಾಗೆ, ಒಮ್ಮೆ ಬೀಗರ ಹಾಗೆ ಮಾತಾಡಿಬಿಡುತ್ತೇನೆ. ಇನ್ನೂ ಒಂದು ತೊಡಕಿದೆ. ನೀವು ಈಗ ಮನೆಯ ಕಾರ್ ಶೆಡ್ಡಿನಲ್ಲಿ ಪಾನಾ ಹಿಡಿದು ಕುಳಿತಿದ್ದೀರಿ, ನಿಮಗೆ ನಲವತ್ತು ತುಂಬಿಲ್ಲ. ನನಗೆ ಐವತ್ತು ದಾಟಿದೆ. ವಯಸ್ಸಿನಲ್ಲಿ ನಾನೇ ಹಿರಿಯಳು, ಆದರೂ ಮುತ್ಯಾ ನೀವೇ. ಹಿರಿಯರನ್ನು ಬೈಯಬಾರದೆಂಬುದು ನಮ್ಮಲ್ಲೂ ಇದೆ. ಅಲ್ಲಲ್ಲಿ ಬೈದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಮಹಾನವಮಿಗೆ ಮುಂಚಿನ ಅಮಾವಾಸ್ಯೆಗೆ ನೀವು ಹಿರಿಯರಿಗೆ ಎಡೆ ಹಿಡಿಯುತ್ತೀರಲ್ಲ, ಅದು ನಮ್ಮ ತನಕ ಬಂದಿದೆ. ಹೋಳಿಗೆ ಬಂದಿಲ್ಲ, ನವಣೆಯ ಅನ್ನದ ಬಾನ, ಚಟ್ನಿ, ಒಂದು ತಂಬಿಗೆ ನೀರು. ನೀರೇ ದೊಡ್ಡ ಎಡೆ. ಅದರ ಪಕ್ಕದಲ್ಲಿ ಹಿಂದೋಲೆ ಇಟ್ಟು, ಪೂಜೆ ಮುಗಿದ ಮೇಲೆ ಪಣತಿಯ ಬೆಂಕಿಗೆ ಹಿಡಿಯುತ್ತೇವೆ. ಹೊಗೆ ಹಿಂದಕ್ಕೆ ಹೋಗುತ್ತದೆ ಎಂದು ನಂಬಿಕೆ. ಹೆಚ್ಚಿನವರು ಮಳೆ ಕೇಳುತ್ತಾರೆ. ಕೆಲವರು, ಇದ್ದುದನ್ನೆಲ್ಲ ನೀವೇ ಉಂಡು ಎದ್ದಿರಲ್ಲ ಎಂದು ಮನಸಾರೆ ಶಪಿಸುತ್ತಾರೆ. ನನ್ನದು ಎರಡೂ ಅಲ್ಲ. ನನಗೆ ನಿಮ್ಮಿಂದ ಹೆಬ್ಬೆರಳಷ್ಟು ದೊಡ್ಡ ಲೋಹದ ತುಂಡೊಂದು ಬೇಕಾಗಿದೆ. ಅದು ಸಿಗದಿದ್ದರೆ ನನ್ನ ಉಳಿದೊಬ್ಬ ಮಗಳೂ ಉಳಿಯುತ್ತಾಳೋ ಇಲ್ಲವೋ ನಾನು ಹೇಳಲಾರೆ.

ನಮ್ಮ ಊರಿನ ಬಗ್ಗೆ ಮೊದಲು ಹೇಳಬೇಕು. ನೆರಳೂರು ಎಂದರೆ ದೊಡ್ಡ ಮೇಲ್ಸೇತುವೆಯ ಕೆಳಗಿನ ಊರು. ನೀವು ಅದರ ಮೇಲೆ ಓಡಾಡಿದಿರಿ, ನಾವು ಕೆಳಗೆ ಬದುಕುತ್ತೇವೆ. ಕಂಬಕ್ಕೊಂದು ಮನೆತನ. ವರ್ಷಕ್ಕೆ ಎರಡು ಬೇಸಿಗೆ: ಮೊದಲನೆಯದನ್ನು ನೀವು ಬಲ್ಲಿರಿ, ಎರಡನೆಯದು ಮಳೆ ಬಂದ ಹಾಗೆ ಮಾಡಿ ಹೋದ ಮೇಲೆ ಬರುತ್ತದೆ, ಅದೇ ಕೆಟ್ಟದ್ದು. ಹೊತ್ತು ಏರಿದ ಹಾಗೆ ನೆರಳು ಸರಿಯುತ್ತದೆ, ನೆರಳಿನ ಹಿಂದೆ ನಾವು ಹಾಸಿಗೆ, ಒಲೆ, ಕರು, ಮುದುಕರು ಎಲ್ಲವನ್ನೂ ಸರಿಸುತ್ತೇವೆ. ಇದಕ್ಕೆ ಸರಿಯಾಟ ಎಂದು ಹೆಸರು. ಮಕ್ಕಳಿಗೆ ಆಟ, ನಮಗೆ ಸೊಂಟನೋವು. ಬೆಳಗಿನ ತಂಪಿನಲ್ಲಿ ಹೊಂಗೆಯ ಬೀಜ ಆರಿಸುತ್ತೇವೆ, ಮಧ್ಯಾಹ್ನ ಸತ್ತವರಂತೆ ಮಲಗುತ್ತೇವೆ, ಸಂಜೆ ಗಾಣ ತಿರುಗಿಸುತ್ತೇವೆ. ಆ ಎಣ್ಣೆಯ ಬಹುಪಾಲು ಒಂದು ಗಾಡಿಯ ಹೊಟ್ಟೆಗೆ ಹೋಗುತ್ತದೆ. ಅದು ನಿಮ್ಮ ಗಾಡಿ, ಮುತ್ಯಾ. ಬ್ಯಾಟರಿಯ ಗಾಡಿಗಳು ಮೊದಲು ಸತ್ತವು, ಅವಕ್ಕೆ ಬ್ಯಾಟರಿ ಮಾಡಿಕೊಡುವವರು ಯಾರೂ ಉಳಿಯಲಿಲ್ಲ. ನಿಮ್ಮ ಡೀಸೆಲ್ ಗಾಡಿ ಹೊಂಗೆ ಎಣ್ಣೆ ಕುಡಿದು ಕೆಮ್ಮುತ್ತ ಉಳಿಯಿತು. ಮೆತ್ತನೆಯ ಚರ್ಮದ ಸೀಟುಗಳು ಎಂದೋ ಚಪ್ಪಲಿಗಳಾಗಿವೆ. ಆಕಾಶ ಕಾಣಲೆಂದು ಮಾಡಿದ್ದ ಗಾಜಿನ ಛಾವಣಿಯ ಮೇಲೆ ನಾವು ಹಪ್ಪಳ ಒಣಗಿಸುತ್ತೇವೆ. ಅಷ್ಟು ದುಡ್ಡು ಕೊಟ್ಟು ಆಕಾಶ ನೋಡುವ ಆಸೆ ಯಾಕೆ ಬಂತೋ, ನಮಗೆ ಅದನ್ನು ನೋಡದಿರುವುದೇ ದೊಡ್ಡ ಸುಖ.

ಧಾರವಾಡದ ಗುಡ್ಡದ ಮೇಲೊಂದು ಆಸ್ಪತ್ರೆ ಇದೆ. ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ, ಅಲ್ಲಿಗೇ ಹೋಗಬೇಕು. ಬಿಸಿಲಿಗೆ ಎತ್ತುಗಳು ದಾರಿಯಲ್ಲೇ ಬೀಳುತ್ತವೆ. ಈ ಕರಿಗಾಡಿಯೊಂದೇ ದಿಕ್ಕು. ಅದನ್ನು ಓಡಿಸುವುದು, ರಿಪೇರಿ ಮಾಡುವುದು ನಮ್ಮ ಮನೆತನದ ಕೆಲಸ. ನಮ್ಮನ್ನು ಉಳಿವುಗಾರರು ಎನ್ನುತ್ತಾರೆ. ಹೊಸದನ್ನು ಮಾಡಲು ನಮಗೆ ಬರುವುದಿಲ್ಲ, ಹಳೆಯದನ್ನು ಸಾಯಗೊಡದಿರುವುದಷ್ಟೇ ಬರುತ್ತದೆ.

ನೀವು ಇವತ್ತು ಏನು ಮಾಡುತ್ತಿದ್ದೀರಿ ಎಂಬುದು ಊರಿಗೆಲ್ಲ ಗೊತ್ತಿದೆ ಎಂದರೆ ನಾಚಬೇಡಿ. ಖಂಡೇಪೂಜೆಯ ದಿನ, ಗಾಡಿಗೆ ವಿಭೂತಿ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ ಮೇಲೆ, ನಿಮ್ಮ ಕಥೆಯನ್ನು ನಮ್ಮಲ್ಲಿ ಪುರಾಣದಂತೆ ಹೇಳುತ್ತಾರೆ. ನನಗೆ ಹೇಳಿದವರು ನನ್ನ ಅಜ್ಜಿ ಶಿವಲಿಂಗವ್ವ, ಅಂದರೆ ಇನ್ನೂ ಹುಟ್ಟದಿರುವ ನಿಮ್ಮ ಮೊಮ್ಮಗಳು. ಅವರಿಗೆ ಹೇಳಿದವರು ನಿಮ್ಮ ಹೆಂಡತಿ ದಾನೇಶ್ವರಿಯವರೇ. ಬೈಪಾಸಿನಲ್ಲಿ ನಿಮ್ಮ ಭಾವನ ಗಾಡಿ ನಿಮ್ಮದನ್ನು ಹಿಂದೆ ಹಾಕಿತಂತೆ, ಹಾಕುವಾಗ ಹಾರ್ನ್ ಬೇರೆ ಹೊಡೆದರಂತೆ. ಅವತ್ತು ನಿಮಗೆ ಊಟ ಸೇರಲಿಲ್ಲ. ಎಂಜಿನ್ನಿಗೆ ಇನ್ನಷ್ಟು ಕುದುರೆಶಕ್ತಿ ಕೊಡುತ್ತದೆಂದು ಎಲ್ಲಿಂದಲೋ ಒಂದು ಕಿಟ್ ತರಿಸಿದಿರಿ. ಶೋರೂಮಿನವರಿಗೆ ತಿಳಿದರೆ ವಾರಂಟಿ ಹೋಗುತ್ತದೆಂದು ಭಾನುವಾರ ಶೆಡ್ಡಿನ ಶಟರ್ ಎಳೆದುಕೊಂಡು, ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಕೈಯಾರೆ ಕೂಡಿಸಲು ಕುಳಿತಿರಿ. ದಾನೇಶ್ವರಿಯವರು ಚಹಾ ತಂದು, “ಇದ್ದ ಕುದುರಿ ಓಡ್ಸಾಕ ರಸ್ತೆ ಇಲ್ಲ, ಇನ್ನಷ್ಟು ಕುದುರಿ ತಗೊಂಡು ಎಲ್ಲಿ ಕಟ್ಟಾವ್ರದೀರಿ?” ಎಂದರಂತೆ. ಇಲ್ಲಿ ಎಲ್ಲರೂ ನಗುತ್ತಾರೆ. ನೀವು ಕೆಲಸ ಮುಗಿಸಿ, ಬಾನೆಟ್ಟಿನೊಳಗೆ ಕೂಡಿಸಿದ ಆ ಕಪ್ಪು ಪೆಟ್ಟಿಗೆಗೆ ಕುಂಕುಮ ಹಚ್ಚಿ, ಮನೆಮಂದಿಯನ್ನೆಲ್ಲ ಕರೆದು ಹೇಳಿದಿರಿ: “ಈ ಪೆಟ್ಟಿಗಿ ಯಾರೂ ಮುಟ್ಟಬ್ಯಾಡ್ರಿ. ಶೋರೂಮಿನವ್ರು ಕೇಳಿದ್ರ, ಮೊದಲಿಂದ ಹಿಂಗ ಐತಿ ಅನ್ರಿ.”

ಮೊದಲ ಮಾತು ನಮಗೆ ಶಾಸನವಾಯಿತು. ಎರಡನೆಯದು ಹಾಸ್ಯವಾಯಿತು. ಶೋರೂಮು ಎಂದರೇನೆಂದೇ ಗೊತ್ತಿಲ್ಲದ ಮಕ್ಕಳೂ ಅಲ್ಲಿಗೆ ಬಂದಾಗ ನಕ್ಕೇ ನಗುತ್ತಾರೆ. ಎರಡು ಮಾತನ್ನೂ ಒಂದೇ ಬಾಯಿ, ಒಂದೇ ಉಸಿರಿನಲ್ಲಿ ಹೇಳಿದ್ದು ಎಂಬುದನ್ನು ಇಷ್ಟು ವರ್ಷ ಯಾರೂ ಯೋಚಿಸಲಿಲ್ಲ. ಗಾಡಿಯ ಪ್ರತಿಯೊಂದು ತಿರುಪನ್ನೂ ಬಿಚ್ಚಿ ಕಟ್ಟಿದೆವು, ಪೆಟ್ಟಿಗೆಯೊಂದನ್ನು ಬಿಟ್ಟು. ಅದಕ್ಕೀಗ ಪೆಟ್ಟಿಗೆಪ್ಪ ಎಂದು ಹೆಸರು. ಮೇಲಿನ ಕುಂಕುಮ ಹೆಪ್ಪುಗಟ್ಟಿ ಬೆರಳು ದಪ್ಪವಾಗಿದೆ. ಬಸುರಿಯನ್ನು ಗಾಡಿ ಹತ್ತಿಸುವ ಮೊದಲು ಅದಕ್ಕೆ ಕೈ ಮುಗಿಸುತ್ತೇವೆ.

ನನ್ನ ಹಿರಿಯ ಮಗಳು ಮಲ್ಲವ್ವನಿಂದಲೂ ಕೈ ಮುಗಿಸಿದ್ದೆ. ಹೋದ ವರ್ಷ, ಇದೇ ಎರಡನೆಯ ಬೇಸಿಗೆಯಲ್ಲಿ ಅವಳಿಗೆ ನೋವು ಬಂತು, ಕೂಸು ಅಡ್ಡ ತಿರುಗಿತ್ತು. ನಾನೇ ಗಾಡಿ ಓಡಿಸುತ್ತಿದ್ದೆ. ನವಲೂರಿನ ಏರಿನಲ್ಲಿ ಎಂಜಿನ್ ಕರೀ ಹೊಗೆ ಕಾರಿ, ಬಡಿದುಕೊಂಡು, ನಿಂತುಬಿಟ್ಟಿತು. ಅದು ಅಲ್ಲಿ ನಿಂತದ್ದು ಹೊಸದಲ್ಲ. ನನ್ನ ಅವ್ವನ ಕೈಯಲ್ಲೂ ನಿಂತಿತ್ತು, ಅವಳ ಅವ್ವನ ಕೈಯಲ್ಲೂ. ಹೊಂಗೆ ಎಣ್ಣೆಯ ದೋಷ ಎಂದು ಎಲ್ಲರೂ ಎಣ್ಣೆಯನ್ನೇ ಬೈದರು. “ಯವ್ವಾ, ಗಾಡಿ ಯಾಕ ನಿಂತ್ತು?” ಎಂದು ಮಲ್ಲವ್ವ ಕೇಳಿದಳು. “ದಣದೈತಿ, ಮಗಳ. ತಣ್ಣಗಾಗ್ಲಿ, ಹೋಗೂಣು,” ಎಂದೆ. ಗಾಡಿ ತಣ್ಣಗಾಗುವುದರೊಳಗೆ ಅವಳು ತಣ್ಣಗಾದಳು. ಕೂಸು ಹೊರಗೇ ಬರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಮರವೂ ಇರಲಿಲ್ಲ, ಮುತ್ಯಾ. ನನ್ನ ಸೀರೆಯ ಸೆರಗನ್ನು ಬಾಗಿಲಿಗೆ ಕಟ್ಟಿ ಅವಳ ಮುಖಕ್ಕೆ ನೆರಳು ಮಾಡಿಕೊಂಡು ಕುಳಿತೆ.

ಆಮೇಲೆ ಎಂಜಿನ್ ಬಿಚ್ಚಿದೆ. ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿತ್ತು. ಎಣ್ಣೆ ಕೆಟ್ಟದ್ದಾದರೆ ಮಸಿ ಕಟ್ಟಬೇಕು, ಲೋಹ ಕರಗಬಾರದು. ಎಂಜಿನ್ನಿಗೆ ಎಣ್ಣೆಯನ್ನು ಅತಿಯಾಗಿ ಉಣಿಸಿದರೆ ಮಾತ್ರ ಹೀಗಾಗುತ್ತದೆ. ಯಾರು ಉಣಿಸಿದರು ಎಂದು ತಂತಿಯ ಬೆನ್ನು ಹತ್ತಿ ಹೋದೆ, ಹೋಗಿ ಮುಟ್ಟಿದ್ದು ಪೆಟ್ಟಿಗೆಪ್ಪನನ್ನು. ಆಗ ನಿಮ್ಮ ಎರಡನೆಯ ಮಾತು ನೆನಪಾಯಿತು. ಮೊದಲಿನಿಂದ ಹೀಗೇ ಇದೆ ಅನ್ನಿ ಎಂದರೆ, ಮೊದಲು ಹೀಗೆ ಇರಲಿಲ್ಲ ಎಂದೇ ಅರ್ಥ. ಗಾಡಿ ಮಾಡಿದವರು ಅದನ್ನು ಇಟ್ಟಿರಲಿಲ್ಲ.

ಆ ಪೆಟ್ಟಿಗೆಯ ಕೆಲಸ ಸುಳ್ಳು ಹೇಳುವುದು. ಎಣ್ಣೆಯ ಒತ್ತಡ ಎಷ್ಟಿದೆ ಎಂದು ಎಂಜಿನ್ ಕೇಳುತ್ತದೆ, ಇದು ಕಡಿಮೆ ಇದೆ ಎನ್ನುತ್ತದೆ. ಉಂಡು ಆಡುತ್ತಿರುವ ಕೂಸಿಗೆ ಇನ್ನೂ ಉಣಿಸಿಲ್ಲ ಎಂದು ಅಜ್ಜಿಗೆ ಚಾಡಿ ಹೇಳಿದ ಹಾಗೆ. ಅಜ್ಜಿ ಮತ್ತೆ ತುರುಕುತ್ತಾಳೆ. ನುಣ್ಣನೆಯ ರಸ್ತೆಯಲ್ಲಿ, ಒಳ್ಳೆಯ ಡೀಸೆಲ್ ಕುಡಿದು, ಭಾವನನ್ನು ಹಿಂದೆ ಹಾಕಲು ಅದು ಚೆನ್ನಾಗಿಯೇ ಇತ್ತೇನೋ. ನಮ್ಮ ಬಿಸಿಲಿನಲ್ಲಿ, ಬಸುರಿಯನ್ನು ಹೊತ್ತು ಏರು ಹತ್ತುವಾಗ ಅದು ಎಂಜಿನ್ನನ್ನು ಒಳಗಿನಿಂದ ಸುಡುತ್ತದೆ. ನಾವು ಯಾರಿಗೆ ಕೈ ಮುಗಿದು ಹೊರಟೆವೋ ಅದೇ ನಮ್ಮನ್ನು ದಾರಿಯಲ್ಲಿ ಕೊಂದಿತು. ಇದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬರುತ್ತದೆ ಎಂದರೆ, ಈ ಸಾಲನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ.

ಹಳೆಯ ಗಾಡಿಯೊಂದರ ಪಿಸ್ಟನ್ ಹಾಕಿ ಎಂಜಿನ್ ಮತ್ತೆ ಕಟ್ಟಿದೆ, ಆದರೆ ಪೆಟ್ಟಿಗೆಯನ್ನು ಕದ್ದು ಬಿಚ್ಚಲು ಮನಸ್ಸು ಬರಲಿಲ್ಲ. ಪಂಚರನ್ನು ಕೂಡಿಸಿ ಹೇಳಿದೆ. ಹಿರಿಯ ಪಂಚ ಮುದಕಪ್ಪ ತಲೆ ಅಲ್ಲಾಡಿಸಿದ: “ಪೆಟ್ಟಿಗಿ ಮುಟ್ಟಿದ್ರ ಗಾಡಿ ನಿಲ್ತೈತಿ, ನೀಲವ್ವಾ. ಹಿರೇರು ಸುಮ್ಮ ಹೇಳಿಲ್ಲ.” ಆದರೂ ಎಲ್ಲರ ಮುಂದೆಯೇ ಪೆಟ್ಟಿಗೆ ಬಿಚ್ಚಿದೆ. ಗಾಡಿ ಚಾಲೂ ಆಗಲೇ ಇಲ್ಲ. ಪೆಟ್ಟಿಗೆ ಕೂಡಿಸುವಾಗ ನೀವು ಎಣ್ಣೆಯ ಒತ್ತಡ ತಿಳಿಸುವ, ಹೆಬ್ಬೆರಳಷ್ಟು ದೊಡ್ಡದಾದ ಎಂಜಿನ್ನಿನ ಸ್ವಂತ ಸೆನ್ಸರ್ ಕಿತ್ತು, ಕಿಟ್ಟಿನ ಜೊತೆ ಬಂದ ಸೆನ್ಸರ್ ಹಾಕಿದ್ದೀರಿ. ಅದು ಪೆಟ್ಟಿಗೆಯ ಜೊತೆ ಮಾತ್ರ ಮಾತಾಡುತ್ತದೆ. ಪೆಟ್ಟಿಗೆ ತೆಗೆದರೆ, ಮೊದಲಿನ ಸೆನ್ಸರ್ ಇಲ್ಲದೆ ಎಂಜಿನ್ ಕುರುಡು. ಕೈಕಾಲು ತೊಳೆದು, ತಪ್ಪಾಯಿತೆಂದು ಕಾಯಿ ಒಡೆದು, ಮಗಳನ್ನು ತಿಂದ ಪೆಟ್ಟಿಗೆಯನ್ನು ನನ್ನ ಕೈಯಿಂದಲೇ ಅದರ ಜಾಗದಲ್ಲಿ ಕೂಡಿಸಿದೆ. ಗಾಡಿ ಕೂಡಲೇ ಚಾಲೂ ಆಯಿತು. ಜನ ಉಘೇ ಎಂದರು.

ಈಗ ನನ್ನ ಕಿರಿಯ ಮಗಳು ಹೊನ್ನವ್ವನಿಗೆ ತಿಂಗಳು ತುಂಬುತ್ತ ಬಂದಿದೆ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ನನ್ನ ಮುಖ ನೋಡಲಿಲ್ಲ. ಅವಳ ಕೂಸೂ ಅಡ್ಡ ಇದೆ. ಖಂಡೇಪೂಜೆ ಮುಗಿದ ಮೇಲೆ ಯಾವ ದಿನವಾದರೂ ನಾವು ನವಲೂರಿನ ಏರು ಹತ್ತಬೇಕಾದೀತು.

ಪೆಟ್ಟಿಗೆ ಹಾಕಬೇಡಿ ಎಂದು ನಿಮ್ಮನ್ನು ಕೇಳುವಷ್ಟು ಹುಚ್ಚಿ ನಾನಲ್ಲ. ಹೆಂಡತಿಯ ಮಾತನ್ನೇ ಕೇಳದವರು ಮೊಮ್ಮಗಳ ಮೊಮ್ಮಗಳ ಮಾತು ಕೇಳುತ್ತೀರಾ? ಹಾಕಿಕೊಳ್ಳಿ, ಭಾವನನ್ನು ಹಿಂದೆ ಹಾಕಿ, ಹಾರ್ನ್ ಹೊಡೆಯಿರಿ. ಬಿಚ್ಚಿದ ಹಳೆಯ ಸೆನ್ಸರನ್ನು ಮಾತ್ರ ಕಸದ ಬುಟ್ಟಿಗೆ ಎಸೆಯಬೇಡಿ. ಅದು ಈಗ ನಿಮ್ಮ ಬಲಗೈ ಹತ್ತಿರ, ಚಹಾದ ಬಸಿಯ ಪಕ್ಕ ಎಲ್ಲಾದರೂ ಇರಬೇಕು. ಎಣ್ಣೆಬಟ್ಟೆಯಲ್ಲಿ ಸುತ್ತಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಶೆಡ್ಡಿನ ಒಳಗೋಡೆಯಲ್ಲಿ ಪಣತಿ ಇಡಲು ಮಾಡಿಸಿದ ಮಾಡವಿದೆಯಲ್ಲ, ಅದರ ಹಿಂಭಾಗದಲ್ಲಿ ಸರಿಸಿ ಮುಂದೆ ಸಿಮೆಂಟು ಬಳಿಯಿರಿ. ದಾನೇಶ್ವರಿಯವರಿಗೆ ಹೇಳಿದರೆ ಅವರೇ ಮಾಡುತ್ತಾರೆ. ಯಾವುದನ್ನೂ ಎಸೆಯದವರೆಂದು ಅಜ್ಜಿ ಹೇಳುತ್ತಿದ್ದರು. ಮತ್ತೆ, ಮನೆಮಂದಿಗೆ ‘ಮುಟ್ಟಬೇಡಿ’ ಎನ್ನುವಾಗ ಯಾಕೆ ಎಂಬುದನ್ನೂ ನೆಟ್ಟಗೆ ಹೇಳಿ. ನೀವು ನಾಚಿಕೆಗೆ ನುಂಗಿದ ಮಾತು ನಮ್ಮ ತನಕ ದೇವರಾಗಿ ಬಂದು ತಲುಪುತ್ತದೆ.

ನಿಮ್ಮ ಮನೆಯ ಛಾವಣಿ ಹೋಗಿದೆ, ಶೆಡ್ಡಿನ ಆ ಗೋಡೆ ಮಾತ್ರ ನಿಂತಿದೆ. ಇವತ್ತು ಬೆಳಿಗ್ಗೆ ತಂಪಿನಲ್ಲಿ ನಡೆದು ಹೋಗಿ ಮಾಡದೊಳಗೆ ಕೈ ಹಾಕಿದೆ. ಹಿಂಭಾಗದ ಇಟ್ಟಿಗೆಯನ್ನೂ ಕಿತ್ತು ನೋಡಿದೆ. ಮಣ್ಣು, ಒಂದಿಷ್ಟು ಇರುವೆ. ಬೇರೆ ಏನೂ ಇರಲಿಲ್ಲ.

ಆದರೆ ಇವತ್ತು ಬೆಳಿಗ್ಗೆ ಈ ಪತ್ರ ಇನ್ನೂ ನಿಮಗೆ ಮುಟ್ಟಿರಲಿಲ್ಲ. ಈಗ ಇದನ್ನು ಪಣತಿಗೆ ಹಿಡಿಯುತ್ತೇನೆ. ಇಟ್ಟಿಗೆಯನ್ನು ಮೊದಲಿದ್ದ ಹಾಗೇ ಕೂಡಿಸಿ ಬಂದಿದ್ದೇನೆ. ನಾಳೆ ಹೊನ್ನವ್ವ ಏಳುವುದರೊಳಗೆ ಹೋಗಿ ಮತ್ತೆ ಕೈ ಹಾಕುತ್ತೇನೆ, ಮುತ್ಯಾ.

ನಿಮ್ಮ ಮನೆತನದ
ನೀಲಗಂಗಾ, ಉಳಿವುಗಾರ್ತಿ